ಬಟ್ಟೆ ತಾಗಿದರೆ ಉರಿಯುತ್ತಿತ್ತು

ಮೊನ್ನೆ ಉಡುಪಿಯ ಅಂಗಡಿಯಲ್ಲಿ ಪಾಪ್ಲಿನ್ ಸುರುಳಿ ಬಿಚ್ಚಿ ಹಾಸಿದಾಗ ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಯಾವ ಬಣ್ಣ ಬೇಕೆಂದು ಅಂಗಡಿಯವನು ಎರಡು ಸಲ ಕೇಳಿದನಂತೆ. ನನ್ನ ಮನಸ್ಸು ನಮ್ಮೂರು ಇನ್ನಂಜೆಯ ಹೊಲಿಗೆ ಟೀಚರ ಮನೆಯ ಜಗಲಿಯಲ್ಲಿತ್ತು...

ಎಪ್ಪತ್ತರ ದಶಕದ ಕೊನೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾವು ಐದಾರು ಹುಡುಗಿಯರು ಅವರಲ್ಲಿ ಹೊಲಿಗೆ ಕಲಿಯುತ್ತಿದ್ದೆವು. ಟೀಚರು ಕೊಂಕಣಿ ಮಾತಾಡುವ ಕ್ರಿಶ್ಚಿಯನ್ನರು, ಐವತ್ತು ದಾಟಿದವರು, ಒಂಟಿ. ಗೆರೆ ಎಳೆಯದೆಯೇ ರವಿಕೆ ಕತ್ತರಿಸುತ್ತಿದ್ದರು.

ಆ ವರ್ಷ ಅವರಿಗೆ ಸರ್ಪಸುತ್ತು ಆಯಿತು. ಎಡ ಪಕ್ಕೆಯಿಂದ ಬೆನ್ನಿನವರೆಗೆ ಗುಳ್ಳೆಗಳು. ತಿಂಗಳೊಳಗೆ ಒಣಗಿದವು, ಉರಿ ಮಾತ್ರ ಹೋಗಲಿಲ್ಲ. ಸೆರಗು ಸೋಕಿದರೂ ಮುಖ ಬಿಳುಚಿಕೊಳ್ಳುತ್ತಿತ್ತು. ರವಿಕೆಯನ್ನು ಒಂದು ಕೈಯಲ್ಲಿ ಮೈಯಿಂದ ಎತ್ತಿ ಹಿಡಿದೇ ಓಡಾಡುತ್ತಿದ್ದರು. ಬಟ್ಟೆಯಿಂದಲೇ ಬದುಕಿದವರಿಗೆ ಬಟ್ಟೆಯೇ ಆಗದಂತಾಯಿತು. ಇಬ್ಬರು ಡಾಕ್ಟರು ನೋಡಿ, ಗಾಯ ವಾಸಿಯಾಗಿದೆ, ಇನ್ನೇನೂ ಇಲ್ಲ ಎಂದರು. ಕ್ಲಾಸು ವಾರಕ್ಕೆರಡು ದಿನಕ್ಕೆ ಇಳಿಯಿತು.

"ಗಾಯವೇ ಇಲ್ಲ, ಮತ್ತೆ ಎಂತ ನೋವು? ಕಲಿಸಲಿಕ್ಕೆ ಉದಾಸೀನ ಅಷ್ಟೇ," ಎಂದು ಅವರ ಜಗಲಿಯಲ್ಲೇ ಗೆಳತಿಯರಿಗೆ ಹೇಳಿದೆ. ತಿರುಗಿದರೆ ಬಾಗಿಲಲ್ಲಿ ಟೀಚರು. ರವಿಕೆಯನ್ನು ಎತ್ತಿ ಹಿಡಿದುಕೊಂಡೇ ಒಳಗೆ ಹೋದರು.

ವಾರ ಕಳೆದು ಅವರೇ ನಮ್ಮ ಮನೆಗೆ ಬಂದರು. "ಮಣಿಪಾಲಕ್ಕೆ ಹೋಗಲಿಕ್ಕುಂಟು. ಅಲ್ಲಿಯ ಡಾಕ್ಟರಿಗೆ ಕನ್ನಡ ಬರುವುದಿಲ್ಲವಂತೆ. ನಿನಗೆ ಇಂಗ್ಲಿಷ್ ಬರ್ತದೆ ಅಲ್ವಾ?"

ಬಸ್ಸಿನಲ್ಲಿ ಸೀಟಿಗೆ ಒರಗದೆ ನೆಟ್ಟಗೆ ಕೂತಿದ್ದರು. ಆಸ್ಪತ್ರೆಯಲ್ಲಿ ಉತ್ತರ ಭಾರತದ ಕಡೆಯ ಯುವ ಡಾಕ್ಟರು, ನೋವು ಹೇಗಿರುತ್ತದೆ ಎಂದು ಕೇಳಿದರು.

"ಕಾದ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ. ಇಟ್ಟವರು ತೆಗೆಯುವುದೇ ಇಲ್ಲ. ಕೆಲವೊಮ್ಮೆ ಒಳಗೆ ಸೂಜಿ ಓಡ್ತದೆ."

ಒಂದೊಂದನ್ನೂ ನಾನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಮನೆಯ ಹತ್ತಿರದವರಿಗೆ ಇದನ್ನೆಲ್ಲ ಹೇಳಿಲ್ಲವೇ ಎಂದು ಡಾಕ್ಟರು ಕೇಳಿದರು.

"ಹೇಳಿದೆ. ನಂಬಲಿಲ್ಲ," ಎಂದರು ಟೀಚರು. ನನ್ನ ಕಡೆ ನೋಡಲಿಲ್ಲ. ಆ ಮಾತನ್ನೂ ನಾನೇ ಇಂಗ್ಲಿಷಿಗೆ ತರಬೇಕಾಯಿತು.

ಚರ್ಮ ವಾಸಿಯಾಗಿದೆ, ನರ ವಾಸಿಯಾಗಿಲ್ಲ, ಈ ನೋವು ನಿಜ ಎಂದರು ಡಾಕ್ಟರು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ತಗ್ಗಿಸಲು ನೋಡೋಣ ಎಂದರು. ನಾನು ಕನ್ನಡದಲ್ಲಿ ಹೇಳಿದೆ. ಟೀಚರ ಕಣ್ಣು ತುಂಬಿತು.

"ನಿಜ ಅಂತ ಹೇಳಿದರಾ? ಇನ್ನೊಮ್ಮೆ ಹೇಳು ಮಗಳೇ."

"ನಿಜ, ಟೀಚರ್," ಎಂದೆ.

ಡಾಕ್ಟರು ಸಣ್ಣ ಮಾತ್ರೆಯೊಂದನ್ನು ಕೊಟ್ಟು, ಅದರ ಪ್ರಮಾಣವನ್ನು ನಿಧಾನವಾಗಿ ಹೆಚ್ಚಿಸುತ್ತಾ ಹೋದರು. ಬಾಯಿ ಒಣಗುತ್ತದೆಂದು ಟೀಚರು ಗೊಣಗುತ್ತಿದ್ದರು, ಆದರೂ ಬಿಡಲಿಲ್ಲ. ಒಗೆದು ಮೆತ್ತಗಾದ ಹಳೆಯ, ತೆಳು ಹತ್ತಿಯ ಮಲ್ ಬಟ್ಟೆಯಲ್ಲಿ, ಎಡಗಡೆ ಹೊಲಿಗೆಯೇ ಬಾರದ ಹಾಗೆ, ತಮಗೊಂದು ಸಡಿಲ ರವಿಕೆ ಹೊಲಿದುಕೊಂಡರು. ಕಾಲು ಗಂಟೆ ಮೆಷಿನು ತುಳಿಯುವುದು, ಏಳುವುದು, ಮತ್ತೆ ಕೂರುವುದು. ಮರುವರ್ಷದ ಹೊತ್ತಿಗೆ ಕ್ಲಾಸು ಮೊದಲಿನಂತೆ ನಡೆಯಿತು. ಕೆಲವು ದಿನ ಮಾತ್ರ ಕೈ ಮತ್ತೆ ರವಿಕೆಯ ಅಂಚಿಗೆ ಹೋಗುತ್ತಿತ್ತು. ಅಂಥ ದಿನ ಅವರನ್ನು ಕರೆಯದೆ ನಾವು ನಮ್ಮಷ್ಟಕ್ಕೆ ಹೊಲಿಯುತ್ತಿದ್ದೆವು...

ಮದುವೆಯಾಗಿ ನಾನು ಕಾರ್ಕಳಕ್ಕೆ ಬಂದೆ. ನನ್ನ ಮತ್ತು ಟೀಚರ ನಡುವಿನ ಕಾಗದಗಳು ವಿರಳವಾದವು, ನಿಂತವು. ಅವರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಎಂಟು ತಿಂಗಳ ಮೇಲೆ. ಜಗಲಿಯಲ್ಲಿ ಆಡಿದ ಮಾತಿಗೆ ನಾನು ಕ್ಷಮೆ ಕೇಳಲೇ ಇಲ್ಲ, ಅವರೂ ಅದನ್ನು ಎತ್ತಲಿಲ್ಲ. ಕೊನೆಯ ದಿನಗಳಲ್ಲಿ ಆ ಉರಿ ಇತ್ತೋ ಇಲ್ಲವೋ... ಇದ್ದರೆ ಯಾರ ಹತ್ತಿರ ಹೇಳಿಕೊಂಡರೋ. ಕೇಳೋಣವೆಂದರೆ ಆ ಮನೆಯಲ್ಲಿ ಈಗ ಅವರನ್ನು ಬಲ್ಲವರು ಯಾರೂ ಇಲ್ಲ.