ಪೇಟಿಯವನ ಬಗ್ಗೆ ಒಂದು ಸಾಲು

ಹೋದ ತಿಂಗಳು ಧಾರವಾಡದ ಬಸ್ಸಿನಲ್ಲಿ ಮುಂದಿನ ಸೀಟಿನ ಮುದುಕರೊಬ್ಬರು ಸಣ್ಣ ಡಬ್ಬಿ ತೆಗೆದು ಮೂಗಿಗೆ ಏರಿಸಿದರು. ಕಿಟಕಿಯ ಗಾಳಿಗೆ ಆ ಪುಡಿಯ ಘಾಟು ನನ್ನ ಮುಖಕ್ಕೇ ಬಂದು ಬಡಿಯಿತು. ನಶ್ಯ. ನಮ್ಮ ಕಡೆ ತಪಕೀರು ಎನ್ನುತ್ತಿದ್ದರು. ಈಗ ಏರಿಸುವವರೇ ಕಡಿಮೆ. ಸೀನಿ ಸೀನಿ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದ ಹುಡುಗಿ ಗಾಬರಿಯಾಗಿ ಕರ್ಚೀಫು ಕೊಟ್ಟಳು. ನಾನು ಮಾತ್ರ ಆಗಲೇ ಬೈಲಹೊಂಗಲದ ಒಂದು ಕಟ್ಟೆಯ ಮೇಲೆ ಹೋಗಿ ಕೂತಿದ್ದೆ… ಕಾಕಾ ಎದುರಿಗೆ.

ಕಾಕಾ ನನಗೆ ಸಂಬಂಧಿಕರಲ್ಲ, ಮನೆ ಮಾಲಕರು. ಎಪ್ಪತ್ತರ ದಶಕದ ಆರಂಭದಲ್ಲಿ ನನಗೆ ಬೈಲಹೊಂಗಲದ ಹೆಣ್ಣುಮಕ್ಕಳ ಶಾಲೆಯಲ್ಲಿ ನೌಕರಿಯಾಯಿತು. ಸಿರಸಂಗಿಯಿಂದ ಒಂದು ಟ್ರಂಕು ಹಿಡಿದುಕೊಂಡು ಬಂದವಳಿಗೆ ಅವರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಅಡುಗೆಗೆಂದು ಸ್ಟೋವು ತಂದಿದ್ದೆ. ಅವರ ಹೆಂಡತಿ ಅದನ್ನು ಹಚ್ಚಲು ಬಿಡಲಿಲ್ಲ. "ಒಬ್ಬಾಕಿ ಸಲುವಾಗಿ ಏನ ಅಡಗಿ ಮಾಡ್ತಿ? ನಮ್ಮ ಜೋಡಿ ಉಣ್ಣು" ಅಂದರು. ಅವರಿಗೆ ಮಕ್ಕಳಿರಲಿಲ್ಲ. ನೋಡನೋಡುತ್ತ ಅವರು ನನಗೆ ಕಾಕು ಆದರು, ಇವರು ಕಾಕಾ.

ಕಾಕಾ ಹೈಸ್ಕೂಲಿನಲ್ಲಿ ಕಲಿಸಿ ನಿವೃತ್ತರಾದವರು. ಊರಿಗೆಲ್ಲ ಮಾಸ್ತರು. ಹರೆಯದಲ್ಲಿ ಬಹಳ ವರ್ಷ ಸಂಗೀತ ಕಲಿತಿದ್ದರಂತೆ. ದಮ್ಮಿನ ಬೇನೆ ಗಂಟುಬಿದ್ದು ಹಾಡು ನಿಂತಿತು, ಕಿವಿ ಉಳಿಯಿತು. ಆ ಕಿವಿಯನ್ನು ಒಂದು ವಾರಪತ್ರಿಕೆಗೆ ದುಡಿಸುತ್ತಿದ್ದರು. ಸುತ್ತಮುತ್ತ ಎಲ್ಲಿ ಗಾಯನವಿರಲಿ, ನಾಟಕವಿರಲಿ, ಅದರ ವಿಮರ್ಶೆ ಅವರದು. ಪತ್ರಿಕೆ ಬಂದ ದಿನ ಸಂಜೆ ಕಟ್ಟೆ ತುಂಬುತ್ತಿತ್ತು. ಅರಿವೆ ಅಂಗಡಿಯವರು, ಪೋಸ್ಟಿನವರು, ಎದುರಿನ ಹೋಟೆಲಿನ ಚಾಚಾ, ಎಲ್ಲರೂ. ಕಾಕಾ ತಾವೇ ಓದುವರು. ಒಬ್ಬ ಗಾಯಕನ ತಾನ್ ಎಣ್ಣೆ ಕಾಣದ ರಾಟೆಯಂತೆ, ಇನ್ನೊಬ್ಬನದು ಏಣಿ ಹತ್ತುವಾಗ ಧೋತರ ಕಾಲಿಗೆ ಸಿಕ್ಕಂತೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಾಕಾ ನಗುತ್ತಿರಲಿಲ್ಲ. ಒಂದು ಚಿಟಿಕೆ ತಪಕೀರು ಏರಿಸಿ, ನಗೆ ಅಡಗುವ ತನಕ ತಡೆದು, ಮುಂದಿನ ಸಾಲು ಓದುತ್ತಿದ್ದರು.

ಕೆಟ್ಟವರಾಗಿರಲಿಲ್ಲ. ನನ್ನ ಕೋಣೆಯ ಮಾಳಿಗೆ ಸೋರಿದಾಗ ಆ ದಮ್ಮಿನಲ್ಲೇ ಏಣಿ ಹತ್ತಿ ಮಣ್ಣು ಬಡಿದವರು ಅವರು. ಶಾಲೆಯ ಮಕ್ಕಳು ಎಷ್ಟು ಬೇಸೂರಾಗಿ ಪ್ರಾರ್ಥನೆ ಹಾಡಿದರೂ ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೈಗೆ ಪೆನ್ನು ಬಂದಾಗ ಮಾತ್ರ ಬೇರೆ ಮನುಷ್ಯರಾಗುತ್ತಿದ್ದರು… ಯಾಕೋ.

ಒಂದು ಬೇಸಿಗೆ ಕಿತ್ತೂರಿನಲ್ಲಿ ನಾಟಕ ಕಂಪನಿಯೊಂದು ಕ್ಯಾಂಪು ಮಾಡಿತು. ಅದರಲ್ಲಿ ಹಾಡುತ್ತಿದ್ದ ಹೆಂಗಸು ಸವದತ್ತಿಯವಳು. ಅವಳ ಹಾಡು ಕೇಳಲೆಂದೇ ಜನ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರು. ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವನು ಅವಳ ಅಣ್ಣ. ಕಾಕಾ, ಕಾಕು, ನಾನು ಮೂವರೂ ಹೋದೆವು. ತವರಿಗೆ ಹೋಗಲಾರದ ಹೆಣ್ಣೊಬ್ಬಳು ಹೇಳಿಕೊಳ್ಳುವ ಹಾಡು ಬಂತು. ಕಾಕು ಕಿತ್ತೂರಿಗೆ ಹತ್ತಿರದ ದೇಗಾಂವದ ಮಗಳು. ಅಪ್ಪ ಅವ್ವ ತೀರಿಕೊಂಡ ಮೇಲೆ ಆ ಮನೆಯ ಬಾಗಿಲು ಇವರಿಗೆ ಮುಚ್ಚಿತ್ತು. ಹಾಡು ಮುಗಿಯುವ ಹೊತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಕಾಕಾ ನೋಡಿದರು.

ಆ ವಾರದ ವಿಮರ್ಶೆ ನನಗೆ ಬಾಯಿಪಾಠ. "ಈಕೆಯದು ಕಂಠವಲ್ಲ, ಗಿರಣಿಯ ಭೋಂಗಾ. ಪಾಳಿ ಬದಲಾಯಿತೆಂದು ಕೂಲಿಗಳಿಗೆ ತಿಳಿಸಲು ಬಳಸಬಹುದು. ಪೇಟಿಯವನ ಬೆರಳುಗಳು ಸ್ವರ ಹುಡುಕುವುದಿಲ್ಲ, ಕತ್ತಲಲ್ಲಿ ಬಿದ್ದ ಕೀಲಿಕೈ ಹುಡುಕುತ್ತವೆ. ಎರಡು ವರ್ಷ ಕಳೆಯಲಿ, ಈಕೆಯ ಹೆಸರು ಯಾರ ಬಾಯಲ್ಲೂ ಉಳಿದಿರುವುದಿಲ್ಲ." ಹತ್ತಿ ಗಿರಣಿಯ ಭೋಂಗಾ ದಿನಾ ಕೂಗುವುದನ್ನು ಕೇಳುವ ಊರು ನಮ್ಮದು. ಅಂದು ಕಟ್ಟೆಯ ಮೇಲೆ ಎದ್ದ ನಗೆ ಓಣಿಯ ಆ ತುದಿಗೂ ಕೇಳಿಸಿರಬೇಕು.

ಜನ ಎದ್ದುಹೋದ ಮೇಲೆ ಕಾಕು ಬಾಗಿಲಿಗೆ ಬಂದು ನಿಂತರು.

"ಹಂಗಾದ್ರ ನಾ ಅತ್ತದ್ದು ಸುಳ್ಳೇನ್ರಿ?"

ಕಾಕಾ ಪತ್ರಿಕೆ ಮಡಿಚುತ್ತ, "ಉಳ್ಳಾಗಡ್ಡಿ ಹೆಚ್ಚಿದ್ರೂ ಕಣ್ಣೀರ ಬರ್ತಾವ" ಅಂದರು.

ಕಾಕು ಒಳಗೆ ಹೋದರು. ಮುಂದೆ ಅವರ ಬಾಯಿಂದ ಹಾಡಿನ ಮಾತು ನಾನು ಕೇಳಲಿಲ್ಲ.

ಎರಡು ವರ್ಷ ಕಳೆಯಿತು. ಹೆಸರು ಉಳಿಯಿತಷ್ಟೇ ಅಲ್ಲ, ಬೆಳೆಯಿತು. ಆ ತವರಿನ ಹಾಡು ರೆಕಾರ್ಡಾಗಿ ಬಂತು. ಮದುವೆ ಇರಲಿ, ಸೀಮಂತ ಇರಲಿ, ಅದೇ ಹಾಡು. ಎದುರಿನ ಚಾಚಾ ಹೋಟೆಲಿನ ಲೌಡ್‌ಸ್ಪೀಕರ್ ನಮ್ಮ ಮನೆಯ ಕಡೆಗೇ ಮುಖ ಮಾಡಿತ್ತು. ಕಾಕಾ ಬಾಯಿ ಮುಕ್ಕಳಿಸುವಾಗ ಒಮ್ಮೆ, ಊಟಕ್ಕೆ ಕೂತಾಗ ಒಮ್ಮೆ ಆ ಹಾಡು ಬಂದು ಹೋಗುತ್ತಿತ್ತು. ಕಟ್ಟೆಗೆ ಬರುತ್ತಿದ್ದವರೇ ಈಗ ಚೇಷ್ಟೆಗೆ ಇಳಿದರು. "ಏನ್ರಿ ಮಾಸ್ತರ, ನಿಮ್ಮ ಎರಡ ವರ್ಷ ಇನ್ನಾ ಮುಗದಿಲ್ಲೇನ?" ಕಾಕಾ ಎದ್ದು ಒಳಗೆ ಹೋಗಿ ಕಿಟಕಿ ಹಾಕಿಕೊಳ್ಳುತ್ತಿದ್ದರು.

ಆ ಕಿಟಕಿ ಮತ್ತೆ ತೆರೆದದ್ದು ಕಾಕುವಿಗೆ ಲಕ್ವಾ ಹೊಡೆದಾಗ. ಬಲಗೈ, ಬಲಗಾಲು ಬಿದ್ದುಹೋದವು. ಮಾತು ತೊದಲಿ, ಆಮೇಲೆ ನಿಂತೇಹೋಯಿತು. ಹಾಸಿಗೆಯನ್ನು ಗಾಳಿಗೆಂದು ಕಿಟಕಿಯ ಬದಿಗೆ ಸರಿಸಿದ್ದೆವು. ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಆ ಹಾಡು ಮುಗಿದಾಗ ಕಾಕು ಎಡಗೈ ಎತ್ತಿ ಕಿಟಕಿಯನ್ನು ತೋರಿಸಿದರು. ನೀರೇನು, ಗಾಳಿಯೇನು, ಬಾಗಿಲೇನು ಎಂದು ಕಾಕಾ ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಅಲ್ಲವೆಂದು ತಲೆ. ಕೈ ಮಾತ್ರ ಕೆಳಗಿಳಿಯಲಿಲ್ಲ. ಕಾಕಾ ಚಪ್ಪಲಿ ಮೆಟ್ಟಿ ರಸ್ತೆ ದಾಟಿದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ.

"ಚಾಚಾ, ಆ ರೆಕಾರ್ಡ ಮತ್ತೊಮ್ಮೆ ಹಚ್ಚರಿ."

"ಯಾವುದ್ರಿ ಮಾಸ್ತರ?"

ಕಾಕಾ ತಡವರಿಸಿದರು. "ಅದ… ಆ ಭೋಂಗಾದ್ದು."

ಚಾಚಾ ನಗಲಿಲ್ಲ. ರೆಕಾರ್ಡನ್ನು ಅಂಗಿಯ ತುದಿಯಿಂದ ಒರೆಸಿ ಹಚ್ಚಿದರು. ಅಂದಿನಿಂದ ಯಾರೂ ಹೇಳದೆಯೇ ಮಧ್ಯಾಹ್ನ ಹಚ್ಚುವರು. ಕಾಕಾ ಹಾಸಿಗೆಯ ಕಾಲದೆಸೆಗೆ ಕೂತಿರುವರು. ಕಾಕು ಕಣ್ಣು ಮುಚ್ಚಿರುವರು. ಹಾಗೇ ಒಂದು ಮಳೆಗಾಲ ಹೋಯಿತು, ಚಳಿಗಾಲದಲ್ಲಿ ಕಾಕುವೂ ಹೋದರು…

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಕಾಕಾ ನನ್ನನ್ನು ಕರೆದು ಹೇಳಿದರು: "ಹಾಡು ಶುರು ಆಗೂಕಿಂತ ಮೊದಲ ಪೇಟಿ ಬರ್ತದಲ್ಲ, ಕೇಳೀ ಏನು? ಎಲ್ಲೂ ತಾ ಮುಂದ ಬರೂದಿಲ್ಲ. ಬಾಗಲಾ ತಗದು, ಆಕಿ ಬರೂ ತನಕ ಬಾಜೂಕ ಸರದು ನಿಂತಂಗ ಅದ. ಇಷ್ಟ ವರ್ಷ ಬೇಕಾತು ನೋಡ ನನಗ." ಅಷ್ಟು ದಣಿದ ದನಿ ಅವರದು ನಾನು ಅದುವರೆಗೆ ಕೇಳಿರಲಿಲ್ಲ.

ಅದನ್ನೇ ಬರೆದು ಪತ್ರಿಕೆಗೆ ಕಳಿಸಿದರು. ಅಚ್ಚಾಗಲಿಲ್ಲ. ಸಂಪಾದಕರು ಕಾಕು ತೀರಿಕೊಂಡದ್ದಕ್ಕೆ ಮಾತಾಡಿಸಲು ಬಂದವರು, ಏಳುವ ಮುಂದೆ ಹೇಳಿದರು: "ಸಿಟ್ಟಾಗಬ್ಯಾಡ್ರಿ ಮಾಸ್ತರ, ಅದು ನೀವು ಬರದಂಗ ಅನಸಲಿಲ್ಲ. ಖಾರ ಇಲ್ಲ. ಹೊಗಳೂದು ಯಾರರೆ ಬರೀತಾರ. ಜನ ನಿಮ್ಮ ಕಡಿಂದ ಅದನ್ನ ಕೇಳೂದಿಲ್ಲ." ಕಾಕಾ ಅವರನ್ನು ಬಾಗಿಲ ತನಕ ಕಳಿಸಿ ಬಂದು, "ನಾಳೆ ನಿಂದು ಸಾಲಿ ಸೂಟಿ ಅದ ಅಲ್ಲ? ಸವದತ್ತಿಗೆ ಹೋಗಿ ಬರೋಣ" ಅಂದರು.

ಒಂದು ಊರಿನ ಕ್ಯಾಂಪು ಮುಗಿದು ಕಂಪನಿ ಬಿಡುವಾಗಿತ್ತು. ಆ ಹಾಡುಗಾರ್ತಿ ತನ್ನ ಮನೆಯ ಪಡಸಾಲೆಯಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸ್ಟೇಜಿನ ಮೇಲೆ ಕಂಡದ್ದಕ್ಕಿಂತ ಗಿಡ್ಡಗೆ, ಕಪ್ಪಗೆ, ಅಗಲ ನಗೆಯ ಹೆಂಗಸು. "ಬರ್ರಿ, ಕುಂದರ್ರಿ" ಎಂದು ಕಂಬಳಿ ಹಾಸಿದಳು. ಕಾಕಾ ಕೂರಲಿಲ್ಲ. ನಿಂತುಕೊಂಡೇ ತಾವು ಯಾರೆಂದು ಹೇಳಿದರು.

ಆಕೆ ಮೊರ ಕೆಳಗಿಟ್ಟು ಗಟ್ಟಿಯಾಗಿ ನಕ್ಕುಬಿಟ್ಟಳು. "ಅಯ್ಯ, ಭೋಂಗಾದ ಮಾಸ್ತರ್ರು! ನಿಮ್ಮ ಮಾತು ನಾ ಸ್ಟೇಜಿನ ಮ್ಯಾಲ ಹೇಳಿ ಜನರ್ನ ನಗಸ್ತೇನ್ರಿ. ಭೋಂಗಾ ಆತು, ಎಲ್ಲಾರೂ ಏಳ್ರಪಾ ಅಂತೇನಿ, ಚಪ್ಪಾಳಿ ಬೀಳತಾವ."

"ನಂದು ತಪ್ಪಾತವಾ. ಅದನ್ನ ಹೇಳಿ ಹೋಗಬೇಕಂತ ಬಂದೇನಿ."

ಆಕೆಯ ನಗೆ ನಿಂತಿತು. "ಕಂಪನ್ಯಾಗ ಹಾಡೂ ಹೆಣ್ಣಿಗೆ ಬೈಗಳ ಹೊಸದೇನ್ರಿ? ನಿಮ್ಮದರಾಗ ಅರ್ಧಾ ಚ್ಯಾಷ್ಟಿ ಇತ್ತು. ನನಗೇನೂ ಆಗಿಲ್ಲ. ಹೇಳೂದಿದ್ರ ನಮ್ಮಣ್ಣಗ ಹೇಳ್ರಿ."

"ಯಾಕ? ಅವರಿಗೇನಾತು?"

"ಪೇಟಿ ಬಿಟ್ಟ ಎಷ್ಟ ದಿನಾ ಆತು. ನೀವು ಬರದ ಮ್ಯಾಲ ಅಂವ ಸ್ಟೇಜಿನ ಮುಂದ ಕುಂತ್ರ ಸಾಕು, ಹಿಂದಿನ ಮಂದಿ ಕೀಲಿ ಸಿಕ್ತೇನಪೋ ಅಂತ ಒದರತಿದ್ರು. ಯಾ ಊರಿಗೆ ಹೋದ್ರೂ ಅದ. ರೆಕಾರ್ಡಿಗೆ ಅಷ್ಟ ಕೈ ಕಾಲು ಹಿಡದು ಕರಕೊಂಡ ಹೋದೆ. ಅದ ಕಡೀದು. ಈಗ ರಾಮದುರ್ಗದಾಗ ಸೈಕಲ್ ಅಂಗಡಿ ಇಟ್ಟಾನ."

ಕಾಕಾ ನನ್ನ ಕಡೆ ತಿರುಗಿದರು. "ಕೀಲಿ… ನಾ ಹಂಗ ಬರದಿದ್ನೇನು?"

ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ಭೋಂಗಾ ನೆನಪಿತ್ತು, ಎರಡು ವರ್ಷದ ಮಾತು ನೆನಪಿತ್ತು. ನಡುವೆ ಬಂದುಹೋದ ಆ ಸಾಲು ಮರೆತೇಹೋಗಿತ್ತು. ಹೌದೆಂದು ನಾನು ತಲೆಯಾಡಿಸಿದೆ. ಅವರು ಆಗ ಕಂಬಳಿಯ ಮೇಲೆ ಕೂತರು. ಆಕೆ ಕೊಟ್ಟ ಚಹಾ ಕೈಯಲ್ಲೇ ಆರಿತು.

ಮನೆಗೆ ಹೋಗೋಣವೆಂದರೆ ಕೇಳಲಿಲ್ಲ. ಸವದತ್ತಿಯಿಂದಲೇ ರಾಮದುರ್ಗದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರ ದಮ್ಮಿನ ಸುಂಯ್ ಸುಂಯ್ ಮಾತ್ರ ಕೇಳುತ್ತಿತ್ತು.

ಬಸ್‌ಸ್ಟ್ಯಾಂಡಿನ ಹಿಂದೆಯೇ ಆ ಅಂಗಡಿ. ಪೇಟಿಯವನು ಒಂದು ಗಾಲಿಯನ್ನು ತಿರುವಿ ಅದರ ಸೊಟ್ಟ ನೋಡುತ್ತಿದ್ದ. ನಲವತ್ತರ ಆಸುಪಾಸಿನ ಮೆತ್ತನೆಯ ಮನುಷ್ಯ. ಯಾರೆಂದು ತಿಳಿದ ಮೇಲೂ ಮುಖ ಗಂಟಿಕ್ಕಲಿಲ್ಲ. ಸ್ಟೂಲು ಒರೆಸಿ ಇಟ್ಟ. ಕಾಕಾ ತಾವು ಬರೆದು ಅಚ್ಚಾಗದ್ದನ್ನೆಲ್ಲ ಅಲ್ಲಿ ಕೂತು ಬಾಯಿಂದ ಹೇಳಿದರು. ಬಾಗಿಲು ತೆಗೆದು ಸರಿದು ನಿಂತ ಪೇಟಿ, ಹೆಂಡತಿಯ ಹಾಸಿಗೆ, ಚಾಚಾನ ರೆಕಾರ್ಡು. ಆತ ತಲೆ ಬಗ್ಗಿಸಿ ಕೇಳಿದ.

"ಅಷ್ಟ ಚಲೋ ಇತ್ತೇನ್ರಿ?" ಎಂದ ಕಡೆಗೆ.

"ಇತ್ತು. ಮತ್ತ ಬಾರಸ್ರಿ. ನನ್ನ ಪೇಟಿ ಮನ್ಯಾಗ ಸುಮ್ಮ ಕುಂತದ, ಒಯ್ಯಿರಿ."

ಆತ ಕೈ ಮುಂದೆ ಚಾಚಿ ತೋರಿಸಿದ. ಎಣ್ಣೆ ಮೆತ್ತಿದ, ಉಗುರು ಒಡೆದ, ದಪ್ಪಗಾದ ಬೆರಳುಗಳು. "ಇನ್ನ ಕೀಲಿ ಸಿಕ್ಕೂ ಏನ ಮಾಡೂದ್ರಿ? ಮನೀನ ಬಿದ್ದೈತಿ."

ಚಹಾ ತರಿಸಿದ. ಕುಡಿಯುವಾಗ, ಬೇರೇನೋ ವಿಚಾರಿಸುವವನಂತೆ ಕೇಳಿದ: "ಒಂದ ಮಾತು ಕೇಳ್ತೇನ್ರಿ ಮಾಸ್ತರ. ಸೇರಲಿಲ್ಲಂತ ಬರದಿದ್ರ ಸಾಕಿತ್ತಲ್ರಿ. ಹಂಗ್ಯಾಕ ಬರದ್ರಿ?"

ಕಾಕಾ ಕಪ್ಪು ಕೆಳಗಿಟ್ಟರು.

"ಜನಾ ನಗತಿದ್ರು" ಅಂದರು.

ಆತ ಹೂಂ ಎಂದ. ಎದ್ದು ಮತ್ತೆ ಗಾಲಿ ಹಿಡಿದ. ಗಿರಾಕಿ ಕಾಯುತ್ತಿದ್ದ.

ಅಲ್ಲಿಂದ ಬಂದ ಮೇಲೆ ಕಾಕಾ ಬರೆಯಲಿಲ್ಲ. ಸಂಪಾದಕರು ಹೇಳಿಕಳಿಸಿ ದಣಿದು ಬಿಟ್ಟುಬಿಟ್ಟರು. ಕಟ್ಟೆ ಖಾಲಿಯಾಯಿತು. ಯಾರಾದರೂ ಹೊಸ ಹಾಡುಗಾರನ ಬಗ್ಗೆ ಕೇಳಿದರೆ "ಕೇಳಿ ನೋಡ್ರಿ" ಅನ್ನುವರು, ಅಷ್ಟೇ. ನನಗೆ ಕಟಕೋಳಕ್ಕೆ ವರ್ಗವಾಯಿತು. ಹೊರಡುವ ದಿನ ಟ್ರಂಕನ್ನು ಬಸ್‌ಸ್ಟ್ಯಾಂಡಿನ ತನಕ ತಾವೇ ಹೊರುತ್ತೇನೆಂದು ಹಟ ಹಿಡಿದು, ನಾಲ್ಕು ಹೆಜ್ಜೆಗೆ ಉಸಿರು ಸಿಕ್ಕಿಕೊಂಡು ಕಟ್ಟೆಗೆ ಕೂತರು. "ನೀ ಹೋಗವಾ, ಬಸ್ ತಪ್ಪತದ." ಅದೇ ಕಡೆಯ ಮಾತು. ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು…

ಕೆಲವು ವರ್ಷಗಳ ಹಿಂದೆ ಆ ಹಾಡುಗಾರ್ತಿಯೂ ಹೋದಳು. ಪತ್ರಿಕೆಗಳ ತುಂಬ ಅವಳ ಫೋಟೋ. ಒಬ್ಬ ತರುಣ ಲೇಖಕ ಕಾಕಾ ಬರೆದ ಭೋಂಗಾದ ಸಾಲನ್ನು ಎಲ್ಲಿಂದಲೋ ಹುಡುಕಿ ತೆಗೆದಿದ್ದ. ಕಿವಿಯ ಜಾಗದಲ್ಲಿ ನಶ್ಯದ ಡಬ್ಬಿ ಇಟ್ಟುಕೊಂಡಿದ್ದ ವಿಮರ್ಶಕ ಎಂದು ಬರೆದಿದ್ದ. ಚೆಂದದ ಸಾಲು. ಅವನಿಗೆ ಪತ್ರ ಬರೆಯಬೇಕೆಂದು ಕೂತೆ. ಚಾಚಾನ ಹೋಟೆಲು, ರಾಮದುರ್ಗದ ಆ ಸ್ಟೂಲು, ಎಲ್ಲಿಂದ ಶುರು ಮಾಡಲಿ? ಬೇಸರ ಬಂದು ಎದ್ದೆ. ಆ ಲೇಖನದಲ್ಲಿ ಅಣ್ಣನ ಪ್ರಸ್ತಾಪವೇ ಇರಲಿಲ್ಲ.

ಆ ದಿನ ಬಸ್ಸಿಳಿದು ಬಂದ ಮೇಲೆ ಮೊಮ್ಮಗಳಿಗೆ ಹೇಳಿ ಆ ಹಾಡನ್ನು ಹುಡುಕಿಸಿದೆ. ಸಿಕ್ಕಿತು. ಆದರೆ ಅದು ಆಕೆಗೆ ವಯಸ್ಸಾದ ಮೇಲೆ ಮತ್ತೊಮ್ಮೆ ಹಾಡಿಸಿದ್ದು. ಮೊದಲಿಗೆ ಬೇರೆ ಏನೇನೋ ವಾದ್ಯ, ಪೇಟಿ ಇಲ್ಲ. ಹಳೆಯ ರೆಕಾರ್ಡು ಎಲ್ಲೂ ಸಿಗಲಿಲ್ಲ. ಹೋಗಲಿ, ಆ ಪೇಟಿ ಬಾರಿಸಿದ್ದನ್ನು ನಾನೇ ಗುನುಗಿ ತೋರಿಸುತ್ತೇನೆಂದು ಬಾಯಿ ತೆರೆದೆ. ಒಂದು ಮಳೆಗಾಲವಿಡೀ ಕೇಳಿದ್ದು. ಬರಲಿಲ್ಲ. ಒಂದು ಸ್ವರವೂ ಬರಲಿಲ್ಲ.

ಕೀಲಿಕೈಯ ಸಾಲು ಮಾತ್ರ ಅಕ್ಷರ ತಪ್ಪದೆ ನೆನಪಿದೆ.