ಶೇಂಗಾ ಗೋದಾಮಿನಲ್ಲಿ ಹೆಣ್ಣುಮಕ್ಕಳ ಶಾಲೆ

ಯಾದಗಿರಿಯ ಹಳಬರ ನಡುವೆ ನನ್ನ ಮಾವನವರ ಮಾತು ಬಂದರೆ ಮೊದಲು ಬರುವುದು ಅವರ ಕಿವಿಯ ಸುದ್ದಿ. ಸ್ಟೇಷನ್ನಿನ ಹತ್ತಿರ ಅವರದೊಂದು ಎಣ್ಣೆ ಗಿರಣಿ ಇತ್ತು. ಹತ್ತಿಕುಣಿ, ದೇವಾಪುರ, ಶಹಾಪುರದ ಕಡೆಯಿಂದ ಶೇಂಗಾ ತುಂಬಿದ ಬಂಡಿಗಳು ಬಂದು ನಿಂತರೆ, ಮಾವನವರು ಚೀಲದೊಳಗೆ ಮೊಳಕೈತನಕ ಕೈ ಹಾಕಿ, ತಳದಿಂದ ಒಂದು ಕಾಯಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಕಾಳು ಗಲಗಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಹಸಿ. "ಇನ್ನೆರಡು ದಿನ ಬಿಸಲು ಕಾಣಲಿ ತಮ್ಮಾ" ಎಂದುಬಿಟ್ಟರೆ ಯಾವ ರೈತನೂ ಎದುರಾಡುತ್ತಿರಲಿಲ್ಲ. ಅಂಥವನಿಗೆ ಗಿರಣಿಯ ಅಂಗಳದಲ್ಲೇ ಶೇಂಗಾ ಹರವಲು ಜಾಗ, ಅವನ ಎತ್ತುಗಳಿಗೆ ಮೇವು, ಅವನಿಗೆ ಎರಡು ಹೊತ್ತು ರೊಟ್ಟಿ. ಆ ರೊಟ್ಟಿ ಬಡಿಯುತ್ತಿದ್ದವಳು ನಾನು. ಪುಣ್ಯ ಅವರದು, ಬೊಬ್ಬೆ ಎದ್ದ ಕೈ ನನ್ನದು.

ಗಿರಣಿಯ ಮೇಲೆ ಅವರಿಗೆ ಅದೆಂಥ ಜೀವವೋ. ಎಂಜಿನ್ನಿನ ಸದ್ದು ತುಸು ಬದಲಾದರೂ ಉಣ್ಣುವ ಗಂಗಾಳ ಬಿಟ್ಟು ಎದ್ದು ಓಡುತ್ತಿದ್ದರು. "ಆ ಎಂಜಿನ್ನ ನನ್ನ ಸವತಿ" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು. ಹಮಾಲರ ಮನೆಯ ಬಾಣಂತಿಗೆ ತುಪ್ಪ ಹೋಗಬೇಕು, ಬೇಸಿಗೆಯಲ್ಲಿ ರೈಲಿಗೆ ಬಂದವರಿಗೆ ಗಿರಣಿಯ ಬಾಗಿಲಲ್ಲಿ ನೀರಿನ ಗಡಿಗೆ ಇಡಬೇಕು, ಯಾರದೋ ಜಗಳ ಬಿಡಿಸಬೇಕು, ಎಲ್ಲಕ್ಕೂ ಮಾವನವರೇ. ಊರಿಗೆ ಅವರು ಸಾವ್ಕಾರರು. ಹೊಗಳಿ ಮಾತಾಡಿದರೆ ಮಾತ್ರ ಎದ್ದು ಹೋಗಿಬಿಡುತ್ತಿದ್ದರು.

ನಾನು ಸುರಪುರದ ಹುಡುಗಿ. ನನ್ನಪ್ಪ ಅಲ್ಲಿಯ ಒಂದು ಮಠದ ಮೂಲೆಯಲ್ಲಿ ಊರವರ ಕಾಳು-ಕಾಸಿನ ಮೇಲೆ ಕನ್ನಡದ ಗಾಂವಠಿ ಶಾಲೆ ನಡೆಸುತ್ತಿದ್ದ. ಗಂಡುಹುಡುಗರ ಸಾಲಿನ ಕೊನೆಗೆ ನನ್ನನ್ನೂ ಕೂರಿಸಿಕೊಂಡು ಓದು, ಬರಹ, ಮಗ್ಗಿ ಎಲ್ಲ ಕಲಿಸಿದ್ದ. ಮದುವೆಯಾಗಿ ಬಂದ ವಾರದಲ್ಲೇ ಅತ್ತೆ ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು: "ಓದಾಕ ಬರ್ತದಂತ ಯಾರ ಮುಂದೂ ಅನಬ್ಯಾಡವಾ. ಕಲತ ಸೊಸಿ ಬಂದಾಳ ಅಂದ್ರ ಮಂದಿ ಕಣ್ಣು ಬೀಳ್ತಾವ." ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮಾವನವರ ಎದುರು ಹೇಗೂ ಬಾಯಿ ತೆರೆಯುವಂತಿರಲಿಲ್ಲ. ಅವರು ಪಡಸಾಲೆಯಲ್ಲಿ, ನಾನು ಅಡುಗೆಮನೆಯ ಹೊಸ್ತಿಲೊಳಗೆ. ಅವರೆದುರು ಸೊಸೆ ಕೂರಬಾರದು, ಮಾತಾಡಬಾರದು. ಅವರಿಗೆ ನೀರು ಬೇಕಾದರೆ ಗಾಳಿಗೆ ಹೇಳಿದಂತೆ "ನೀರು ಬೇಕಾಗಿತ್ತು" ಎನ್ನುತ್ತಿದ್ದರು. ನಾನು ತಂಬಿಗೆಯನ್ನು ಅತ್ತೆಯ ಕೈಗೆ ಕೊಡುತ್ತಿದ್ದೆ. ಹೀಗೆ ಆರು ವರ್ಷ ಕಳೆದವು.

ಅದು ಏಕೀಕರಣದ ಹೊತ್ತು. ನಿಜಾಮರ ರಾಜ್ಯ ಹೋಗಿ ಕೆಲವು ವರ್ಷಗಳಾಗಿದ್ದವು. ನಮ್ಮ ಊರುಗಳು ಕನ್ನಡ ನಾಡಿಗೆ ಸೇರಿದ್ದವು. ಮೆರವಣಿಗೆ, ಪೇಢೆ ಎಲ್ಲ ಮುಗಿದ ಮೇಲೆ ನಮ್ಮ ಮನೆಗೆ ಬಂದ ಬದಲಾವಣೆ ಎಂದರೆ ಕಾಗದಗಳದು. ಅಲ್ಲಿಯವರೆಗೆ ಉರ್ದುವಿನಲ್ಲಿ ಬರುತ್ತಿದ್ದ ಸರಕಾರಿ ಪತ್ರಗಳು ಒಂದೊಂದಾಗಿ ಕನ್ನಡದಲ್ಲಿ ಬರತೊಡಗಿದವು. ಮಾವನವರ ಉರ್ದು ಬರಹ ನೋಡಿ ತಹಶೀಲ್ದಾರರೇ ತಲೆದೂಗುತ್ತಿದ್ದರಂತೆ. ಆದರೆ ತೊಟ್ಟಿಲಿನಿಂದ ಆಡಿದ ಭಾಷೆಯ ಒಂದಕ್ಷರವೂ ಅವರಿಗೆ ಗೊತ್ತಿರಲಿಲ್ಲ. ಅವರ ಕಾಲದಲ್ಲಿ ಶಾಲೆ ಎಂದರೆ ಉರ್ದು. ಬಾಯಿಗೆ ಕನ್ನಡ, ಕೈಗೆ ಉರ್ದು. ನಮ್ಮ ಕಡೆ ಅಂಥವರು ಮನೆಗೊಬ್ಬರಿದ್ದರು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇರಲಿಲ್ಲ. ಹೊಸ ಕಾಗದಗಳು ಬಂದ ಮೇಲೆ ನಾಚಿಕೆಯೂ ಬಂತು. ಪತ್ರ ಬಂದಾಗಲೆಲ್ಲ ಕೋಟಿನ ಜೇಬಿಗಿಟ್ಟುಕೊಂಡು, ಟಾಂಗಾ ಹತ್ತಿ, ಊರಾಚೆ ಇದ್ದ ಒಬ್ಬ ಮುದುಕ ಮಾಸ್ತರರ ಹತ್ತಿರ ಓದಿಸಲು ಹೋಗುತ್ತಿದ್ದರು. ಓದಬಲ್ಲವಳು ಅವರಿಂದ ಹತ್ತು ಮಾರು ದೂರದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನನಗೆ ನಗುವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಆಗ ಅವರಿಗೆ ಹಿಡಿದಿದ್ದ ಹುಚ್ಚು ಒಂದೇ, ಹೆಣ್ಣುಮಕ್ಕಳಿಗೊಂದು ಕನ್ನಡ ಶಾಲೆ. ತಮಗಾದದ್ದು ಹಮಾಲರ ಹೆಣ್ಣುಮಕ್ಕಳಿಗೂ ಆಗಬಾರದು ಎಂಬುದು ಅವರ ಹಟ. ಸರಕಾರಕ್ಕೆ ದರಖಾಸ್ತಿನ ಮೇಲೆ ದರಖಾಸ್ತು ಬರೆಸಿದರು. ಕೊನೆಗೊಂದು ದಿನ ಅಂಚೆಯವನು ದಪ್ಪ ಲಕೋಟೆ ತಂದುಕೊಟ್ಟ. ಮಾಸ್ತರರು ಮಗಳ ಊರಿಗೆ ಹೋಗಿದ್ದರು. ಮಾವನವರಿಗೆ ತಡೆಯಲಾಗಲಿಲ್ಲ. ಪಡಸಾಲೆಯಲ್ಲಿ ಕೂತು ಲಕೋಟೆ ಒಡೆದು, ಉರ್ದು ಪುಸ್ತಕ ತೆರೆಯುವಂತೆ ಹಿಂದಿನಿಂದ ತೆರೆದು, ಕಡೆಯ ಹಾಳೆಯನ್ನು ಮುಂದಿಟ್ಟುಕೊಂಡು, ಬಲದಿಂದ ಎಡಕ್ಕೆ ಬೆರಳು ಆಡಿಸುತ್ತಿದ್ದರು. ಒಂದಾದರೂ ಅಕ್ಷರ ಕನಿಕರಪಟ್ಟು ತಾನಾಗಿ ಮಾತಾಡೀತು ಎಂಬ ಆಸೆ ಇದ್ದಿರಬೇಕು. ಹೊಸ್ತಿಲ ಹಿಂದಿನಿಂದ ನೋಡುತ್ತಿದ್ದ ನಾನು ಪಕ್ಕನೆ ನಕ್ಕುಬಿಟ್ಟೆ.

ಆ ಮನೆಯಲ್ಲಿ ಸೊಸೆಯ ನಗು ಪಡಸಾಲೆಗೆ ಕೇಳಿಸಿದ್ದು ಅದೇ ಮೊದಲು. ಅತ್ತೆ ಬಿಳಿಚಿಕೊಂಡರು. ಆದದ್ದು ಆಗಿಹೋಯಿತು ಎಂದುಕೊಂಡು ನಾನು ಅತ್ತೆಗೆ ಹೇಳಿದೆ, ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ: "ಅತ್ತಿ, ಮೊದಲನೇ ಹಾಳಿ ಕೆಳಗ ಅದಂತ ಹೇಳ್ರಿ."

ಹಾಳೆಗಳನ್ನು ತಿರುವಿಡುವ ಸದ್ದು. ಆಮೇಲೆ ಮಾವನವರ ದನಿ: "ಆಕಿಗಿ ಓದಾಕ ಬರ್ತದೇನು?"

"ಬರ್ತದ್ರಿ," ಅತ್ತೆ ತಪ್ಪು ಒಪ್ಪಿಕೊಂಡವರಂತೆ ಹೇಳಿದರು.

ಕಾಗದ ಹೊಸ್ತಿಲು ದಾಟಿ ಒಳಗೆ ಬಂತು. ನಾನು ಗೋಡೆಗೆ ಮುಖ ಮಾಡಿ ನಿಂತು ಓದಿದೆ. ಶಾಲೆ ಮಂಜೂರಾಗಿತ್ತು. ಆದರೆ ಜಾಗ ಊರವರೇ ಕೊಡಬೇಕು, ಮುಂದಿನ ವರ್ಷ ಶಾಲೆಗಳು ತೆರೆಯುವುದರೊಳಗೆ ಕನ್ನಡ ಬಲ್ಲ ಹೆಣ್ಣುಮಗಳೊಬ್ಬಳು ಕಲಿಸಲು ಸಿಗಬೇಕು. ಸಿಗದಿದ್ದರೆ ಮಂಜೂರಾತಿ ಬೇರೆ ಊರಿಗೆ ಹೋಗುತ್ತದೆ. ಓದಿ ಮುಗಿಸಿ ಕಾಗದವನ್ನು ಅತ್ತೆಯ ಕೈಗೆ ಕೊಟ್ಟೆ. ಈಗ ಕರೆಯುತ್ತಾರೆ, ಈಗ ಕೇಳುತ್ತಾರೆ ಎಂದು ಕಾದೆ. ಅವರು ಜೋಡು ಮೆಟ್ಟಿಕೊಂಡು ಗಿರಣಿಗೆ ಹೋದರು.

ಜಾಗಕ್ಕೆ ಅವರೇನೂ ಯೋಚಿಸಲಿಲ್ಲ. ಗಿರಣಿಯ ರಸ್ತೆ ಬದಿಯ ಗೋದಾಮನ್ನು ಖಾಲಿ ಮಾಡಿಸಿ ಸುಣ್ಣ ಬಳಿಸಿದರು. ಕಲಿಸುವವಳನ್ನು ಹುಡುಕಿಕೊಂಡು ಶಹಾಪುರಕ್ಕೆ ಹೋದರು, ಸುರಪುರಕ್ಕೆ ಹೋದರು, ಕಲಬುರ್ಗಿಗೂ ಹೋಗಿಬಂದರು. ಸುರಪುರಕ್ಕೆ ಹೋದವರು ನನ್ನ ತವರಿನಲ್ಲೇ ಚಹಾ ಕುಡಿದು, "ಕಲತ ಹೆಣ್ಣುಮಕ್ಕಳು ಯಾರರ ಅದಾರೇನ್ರಿ?" ಎಂದು ನನ್ನಪ್ಪನನ್ನೇ ಕೇಳಿದರಂತೆ. ನನ್ನಪ್ಪ ಬೀಗರ ಮುಂದೆ ಏನು ಹೇಳಬೇಕು? ದೀಪದ ಕೆಳಗೆ ಕತ್ತಲೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಬೀಗರಿಗೆ ಇನ್ನಷ್ಟು ಚಹಾ ಬಗ್ಗಿಸಿದನಂತೆ.

ನನಗೆ ಆ ಕೆಲಸ ಬೇಕಾಗಿತ್ತು. ಅದನ್ನು ಇಷ್ಟು ವರ್ಷದ ಮೇಲೆ ಮುಚ್ಚಿಡುವುದೇಕೆ? ಒಡವೆ ಬೇಕೆಂದು ಎಂದೂ ಕೇಳದವಳು ನಾನು, ಅದೊಂದಕ್ಕೆ ಒಳಗೊಳಗೇ ಹಲುಬಿದೆ. ಗಂಡನಿಗೆ ಹೇಳಿದೆ. "ಅಪ್ಪಾರ ಮುಂದ ನಾ ಹ್ಯಾಂಗ ಹೇಳ್ಲಿ? ನೀನೇ ಹೇಳು" ಎಂದ ಪುಣ್ಯಾತ್ಮ. ಅಪ್ಪನೆದುರು ಮಾತಾಡಲಾರದ ಮಗ, ಮಾತಾಡಬಾರದ ಸೊಸೆಗೆ ಕೊಟ್ಟ ಬುದ್ಧಿ ಅದು!

ಇತ್ತ ಮಾವನವರು ಮನೆಮನೆಗೆ ಹೋಗಿ "ಹೆಣ್ಣುಮಕ್ಕಳನ್ನ ಸಾಲಿಗೆ ಕಳಸ್ರಿ" ಎಂದು ಕೇಳುತ್ತಿದ್ದರು. ಕಾಳಿನ ವ್ಯಾಪಾರಿಯೊಬ್ಬರ ಮನೆಯಲ್ಲಿ ಅವರ ಮುದಿ ತಾಯಿ ಹೊರಗೆ ಬಂದು ಕೇಳಿದಳಂತೆ: "ನಮ್ಮ ಹುಡಿಗ್ಯಾರನ್ನ ಹೊರಗ ಕಳಸ್ರಿ ಅಂತೀಯಲ್ಲೋ ಸಾವ್ಕಾರ, ನಿನ್ನ ಸೊಸಿನ್ನ ಪಡಸಾಲಿಗರ ಬಿಟ್ಟೀಯೇನು?"

ಅಂದು ಮಧ್ಯಾಹ್ನ ಅವರು ಉಣ್ಣಲು ಕೂತು, ಆ ಮಾತನ್ನು ಅತ್ತೆಗೆ ಹೇಳಿ, ತುತ್ತು ಕಲಸುತ್ತಲೇ ಇದ್ದರು. ಅತ್ತೆ ಮಜ್ಜಿಗೆಯ ಗಡಿಗೆಯನ್ನು ಸದ್ದಾಗುವಂತೆ ನೆಲಕ್ಕಿಟ್ಟರು.

"ಖರೇನ ಅಂದಾಳ ಮುದುಕಿ. ಊರೂರು ತಿರಗಾಕತ್ತೀರಿ. ಮನ್ಯಾಗ ಇದ್ದಾಕಿ ಕಣ್ಣಿಗೆ ಬೀಳವಲ್ಲಳೇನು? ಆಕಿಗಿ ಬಾಯಿ ಮುಚ್ಚಿಕೋ ಅಂದಾಕಿ ನಾನೇ. ತಪ್ಪು ನಂದೈತಿ."

"ಕಣ್ಣಿಗೆ ಬಿದ್ದಾಳ," ಎಂದರು ಮಾವನವರು. "ಕಾಗದ ಓದಿದ ದಿನಾನ ಬಿದ್ದಾಳ. ಮಂದಿ ಏನಂತಾರ ಅಂತ ಅಂಜೀನಿ."

ಹೊಸ ಎಂಜಿನ್ನು ತರಿಸಿದಾಗ ಸಾಲದಲ್ಲಿ ಮುಳುಗುತ್ತೀರಿ ಎಂದು ಊರೆಲ್ಲ ಹೇಳಿದರೂ ಜಗ್ಗದ ಮನುಷ್ಯ. ಅವರ ಬಾಯಲ್ಲಿ ಅಂಜಿಕೆಯ ಮಾತು ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಪಾಪ ಅನಿಸಿತು. ಅವರು ತಲೆಯೆತ್ತದೆ, ಗಾಳಿಗೆ ಹೇಳದೆ, ಮೊದಲ ಬಾರಿಗೆ ನನ್ನನ್ನೇ ಕೇಳಿದರು: "ಯವ್ವಾ, ನಿನಗ ಮನಸದ ಏನು?"

"ಅದ್ರಿ," ಅಂದೆ.

ಮಂದಿ ಸುಮ್ಮನಿರಲಿಲ್ಲ. ಶಹಾಪುರದಿಂದ ಮಾವನವರ ಅಣ್ಣ ಬಸ್ಸು ಹತ್ತಿ ಬಂದು, "ಸೊಸಿನ್ನ ದುಡಿಯಾಕ ಹಚ್ಚೀಯಂತ? ಮನಿತನದ ಇಜ್ಜತ್ ಏನಾತು?" ಎಂದು ಕೂಗಾಡಿದರು. ಮಾವನವರು ಅಣ್ಣನಿಗೆ ಎಂದೂ ಎದುರುತ್ತರ ಕೊಟ್ಟವರಲ್ಲ. "ದುಡಿಯೂದ್ರಿಂದ ಇಜ್ಜತ್ ಹೋಗೂದಿದ್ರ ನಂದು ಗಿರಣಿ ಹಾಕಿದ ದಿನಾನ ಹೋಗೇದ" ಎಂದು ಮೆಲ್ಲಗೆ ಹೇಳಿ, ಅಣ್ಣನಿಗೆ ಎಲೆಅಡಿಕೆಯ ತಟ್ಟೆ ಮುಂದೆ ಮಾಡಿದರು. ಅಣ್ಣ ಎಲೆ ಮುಟ್ಟದೆ ಹೋದರು.

ಶಾಲೆ ತೆರೆಯುವ ಬೆಳಿಗ್ಗೆ ಗೋದಾಮಿನಲ್ಲಿ ಹೊಸ ಸುಣ್ಣದ ಅಡಿಯಿಂದ ಶೇಂಗಾದ ವಾಸನೆ ಬರುತ್ತಲೇ ಇತ್ತು. ನೆಲಕ್ಕೆ ಗೋಣಿತಟ್ಟು ಹಾಸಿದ್ದರು. ಗಿರಣಿಯ ಆಫೀಸಿನಿಂದ ಒಂದು ಮೇಜು, ಒಂದು ಕುರ್ಚಿ ತಂದಿಟ್ಟಿದ್ದರು. ಹದಿಮೂರು ಹುಡುಗಿಯರು ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು ಕೂತಿದ್ದರು. ಬಾಗಿಲಲ್ಲಿ ಅವರ ಅಪ್ಪಂದಿರು, ಊರಿನ ಹಿರಿಯರು, ಏನಾಗುತ್ತದೋ ನೋಡಿಯೇ ಬಿಡೋಣ ಎಂದು ಬಂದವರು. ಸರಿ ಕಾಣದಿದ್ದರೆ ಮಗಳ ಕೈ ಹಿಡಿದು ವಾಪಸು ಕರೆದೊಯ್ಯಲು ಅರ್ಧ ಜನ ತಯಾರಾಗಿಯೇ ನಿಂತಿದ್ದರು.

ಅಷ್ಟರಲ್ಲಿ ಮಾವನವರು ಬಂದರು. ನನಗೆ ಆರು ವರ್ಷದ ರೂಢಿ. ಸೆರಗು ಎಳೆದುಕೊಂಡು, ಕುರ್ಚಿ ಬಿಟ್ಟು, ಹಿಂದಕ್ಕೆ ಸರಿದು ಗೋಡೆಗೆ ಅಂಟಿ ನಿಂತೆ. ನನ್ನನ್ನು ನೋಡಿ ಹುಡುಗಿಯರೂ ಎದ್ದು ತಲೆ ತಗ್ಗಿಸಿದರು. ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಲ್ಲ ಮುಗಿಯಿತು, ನನ್ನ ಕೈಯಾರೆ ಶಾಲೆಯನ್ನು ನಾನೇ ಮುಚ್ಚಿದೆ ಎಂದುಕೊಂಡೆ.

ಮಾವನವರು ಜೋಡು ಹೊರಗೆ ಬಿಟ್ಟು ಒಳಗೆ ಬಂದರು. ಮೇಜಿನ ಮುಂದೆ ನಿಂತು, ಊರೆಲ್ಲ ನೋಡುತ್ತಿರುವಂತೆ, ನನಗೆ ಕೈಮುಗಿದರು.

"ಕುಂದರ್ರಿ ಅಕ್ಕೋರ," ಅಂದರು. ನಮ್ಮ ಕಡೆ ಕಲಿಸುವ ಹೆಣ್ಣುಮಗಳನ್ನು ಕರೆಯುವುದು ಹಾಗೆ. "ನೀವು ಕುಂತ ಮ್ಯಾಲ ನಾವು ಕುಂದರ್ತೀವಿ."

ನಾನು ಗೋಡೆ ಬಿಡಲಿಲ್ಲ. ಅವರು ಕೈಮುಗಿದುಕೊಂಡೇ ನಿಂತಿದ್ದರು. ಅವರು ನಿಂತಿದ್ದಕ್ಕೆ ಬಾಗಿಲಲ್ಲಿದ್ದ ಒಬ್ಬ ಹಿರಿಯನೂ ಅಲುಗಾಡಲಿಲ್ಲ. ಗೋಡೆಯಿಂದ ಆ ಕುರ್ಚಿಗೆ ನಾಲ್ಕು ಹೆಜ್ಜೆ. ಸೆರಗಿನಿಂದ ಕಣ್ಣು ಒರೆಸಿಕೊಂಡು ನಡೆದುಹೋಗಿ, ಕುಳಿತೆ. ಆಗ ನನ್ನ ಮಾವನವರು ಹುಡುಗಿಯರ ಹಿಂದೆ ಹೋಗಿ, ಗೋಣಿತಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು.