ತಿರುಗಿ ನೋಡದ ಚಿಕ್ಕಮ್ಮ

ತೆಂಗಿನೆಣ್ಣೆಯಲ್ಲಿ ಮುಖದ ಬಣ್ಣ ಕರಗುವಾಗ ಒಂದು ವಾಸನೆ ಬರುತ್ತದೆ. ಅದು ಎಣ್ಣೆಯದೂ ಅಲ್ಲ, ಪೌಡರಿನದೂ ಅಲ್ಲ. ಎರಡೂ ಸೇರಿ ಮೈಯ ಬಿಸಿಗೆ ಸ್ವಲ್ಪ ಹಳಸಿದಂಥ ವಾಸನೆ. ಮೊನ್ನೆ ಮಗಳ ಶಾಲೆಯ ವಾರ್ಷಿಕೋತ್ಸವ ಮುಗಿಸಿ ಮನೆಗೆ ಬಂದು, ಅವಳ ಕೆನ್ನೆಯ ಬಣ್ಣವನ್ನು ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ಹೋಗಿ ಮುಂಬಾಗಿಲಿನ ಚಿಲಕ ಹಾಕಿದೆಯೇ ಎಂದು ನೋಡಿ ಬಂದೆ. “ವಾಟ್ ಹ್ಯಾಪೆಂಡ್, ಮಮ್ಮಿ?” ಎಂದಳು ಮಗಳು. ಏನೂ ಇಲ್ಲ ಎಂದೆ. ನಲವತ್ತು ಹತ್ತಿರ ಬಂದರೂ ಒಂದು ವಾಸನೆಗೆ ಹೆದರುವವಳು ನಾನೊಬ್ಬಳೇ ಇರಲಾರೆ. ನಿಮ್ಮ ಬಾಲ್ಯದ ಮನೆಯಲ್ಲೂ ಅಂಥದ್ದೊಂದು ಇದ್ದೀತು.

ಆಗ ನಾವು ಇದ್ದದ್ದು ಮಸ್ಕತ್ತಿನ ಅಲ್ ಮವಾಲೇಹ್‌ನಲ್ಲಿ, ಒಂದು ಹಳೆಯ ವಿಲ್ಲಾದ ಹಿಂಭಾಗದ ಎರಡು ಕೋಣೆಗಳಲ್ಲಿ. ಆ ಮನೆ ಈಗ ಇಲ್ಲ, ಅಲ್ಲಿ ಕಾರು ನಿಲ್ಲಿಸುತ್ತಾರೆ. ಪಪ್ಪ ರುಸೈಲ್‌ನ ಒಂದು ಪೈಪ್ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರು. ಅಮ್ಮ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಅಮ್ಮನ ತಂಗಿ ಸುಮತಿ ಚಿಕ್ಕಮ್ಮ ಮಸ್ಕತ್ತಿನ ಒಂದು ಹೊಟೇಲಿನ ಶೋದಲ್ಲಿ ಹಿಂದಿ ಹಾಡುಗಳಿಗೆ ಕುಣಿಯುತ್ತಿದ್ದಳು. ವಾರದ ರಜೆಗೆ ಶುಕ್ರವಾರ ಬೆಳಿಗ್ಗೆ ನಮ್ಮಲ್ಲಿಗೆ ಬಂದು, ಟ್ಯಾಕ್ಸಿಯಿಂದಿಳಿದು ನೇರ ಬಚ್ಚಲಿಗೆ ಹೋಗಿ, ಕಣ್ಣಂಚಿನಲ್ಲಿ ಉಳಿದ ಬಣ್ಣವನ್ನು ಎಣ್ಣೆ ಹಚ್ಚಿ ತೆಗೆಯುತ್ತಿದ್ದಳು. ಊರಿನವರ, ಎಂದರೆ ಕಾರ್ಕಳದವರ, ಲೆಕ್ಕದಲ್ಲಿ ಅವಳು ಮಸ್ಕತ್ತಿನ ಸೀರೆ ಅಂಗಡಿಯ ಸೇಲ್ಸ್‌ಗರ್ಲ್. ಗಂಡ ಬಿಟ್ಟು ಹೋಗಿದ್ದ. ಮಗಳು ದೀಕ್ಷಾ ಚಿಕ್ಕಮ್ಮನ ಅತ್ತೆಯ ಮನೆಯಲ್ಲಿ ಬೆಳೆಯುತ್ತಿದ್ದಳು. ಕುಣಿಯುವ ವಿಷಯ ಅತ್ತೆಗೆ ಗೊತ್ತಾದರೆ ಮಗುವಿನ ಮುಖವನ್ನೂ ನೋಡಲು ಬಿಡುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು. ಎಂಟು ವರ್ಷದ ನನಗೂ ಗೊತ್ತಿತ್ತು. ಅದಕ್ಕೇ ನಮ್ಮ ಮನೆಯಲ್ಲಿ ಶುಕ್ರವಾರಗಳಂದು ಕಿಟಕಿಯ ಪರದೆ ಸರಿಸುತ್ತಿರಲಿಲ್ಲ.

ಹೊಟೇಲಿನಲ್ಲಿ ಅವಳ ಹೆಸರು ರೂಹಿ. ಅದು ಅವಳು ಆರಿಸಿಕೊಂಡ ಹೆಸರಲ್ಲ. ಅಲ್ಲಿ ಯಾರೂ ತಮ್ಮ ಹೆಸರನ್ನು ತಾವು ಆರಿಸಿಕೊಳ್ಳುತ್ತಿರಲಿಲ್ಲ. ಮುಂಬೈಯಿಂದ ಹುಡುಗಿಯರನ್ನು ಕರೆತರುತ್ತಿದ್ದ ಮಾಸ್ಟರ್‌ನ ಲೆಕ್ಕಾಚಾರವೇ ಬೇರೆ: ಹೆಸರು ಚಿಕ್ಕದಿರಬೇಕು, ಮೈಕಿನಲ್ಲಿ ಎಳೆದು ಕೂಗಲು ಬರಬೇಕು, ಕುಡಿದವನ ನಾಲಿಗೆಗೂ ಹೊರಳಬೇಕು, ಮತ್ತು ಯಾವ ಊರು ಯಾವ ಜಾತಿ ಎಂದು ಕೇಳಿದರೆ ಉತ್ತರ ಹೇಳದಂತಿರಬೇಕು. ಅಂಥ ಹೆಸರು ಒಮ್ಮೆ ಜನರ ಬಾಯಿಗೆ ಬಿದ್ದರೆ ಹೊಟೇಲಿನವರು ಅದನ್ನು ಬಿಡುತ್ತಿರಲಿಲ್ಲ. ಒಬ್ಬಳು ವೀಸಾ ಮುಗಿಸಿ ಹೋದರೆ ಅವಳ ಉಡುಪು, ಅವಳ ವಿಗ್, ಅವಳ ಹೆಸರು ಮೂರೂ ಹೊಸದಾಗಿ ಬಂದವಳಿಗೆ. ಚಿಕ್ಕಮ್ಮನಿಗಿಂತ ಮೊದಲಿನ ರೂಹಿ ದಪ್ಪಗಿದ್ದಳಂತೆ; ಅವಳ ಲೆಹಂಗಾವನ್ನು ಚಿಕ್ಕಮ್ಮನ ಸೊಂಟಕ್ಕೆ ಹಿಡಿಸಿ ಹೊಲಿದುಕೊಟ್ಟವಳು ಅಮ್ಮನೇ. ಬೇರೆಯವಳ ಬೆವರಿನ ಕಲೆ ಒಗೆದರೂ ಹೋಗಿಲ್ಲ ಎಂದು ಗೊಣಗುತ್ತಾ ಹೊಲಿದಳು.

ಉಡುಪು ಹಿಡಿಸಿದರಾಯಿತೇ, ಹೆಸರೂ ಹತ್ತಬೇಕಲ್ಲ. ಅದಕ್ಕೊಂದು ಪದ್ಧತಿಯಿತ್ತು. ಹೊಸಬಳು ಅನ್ನ ಬಸಿಯುವಾಗ, ಬಟ್ಟೆ ಒಗೆಯುವಾಗ, ಅರೆನಿದ್ದೆಯಲ್ಲಿರುವಾಗ ಉಳಿದವರು ಬೆನ್ನ ಹಿಂದಿನಿಂದ ಆ ಹೆಸರು ಹಿಡಿದು ಕರೆಯುತ್ತಲೇ ಇರಬೇಕು. ಯೋಚಿಸದೆ ತಿರುಗಿದ ದಿನ ಹೆಸರು ಹತ್ತಿತು ಎಂದು ಅರ್ಥ, ಆಮೇಲಷ್ಟೇ ವೇದಿಕೆಗೆ. ನಮ್ಮ ಮನೆಗೆ ಬಂದಾಗಲೂ ಚಿಕ್ಕಮ್ಮ ಅಭ್ಯಾಸ ಬಿಡುತ್ತಿರಲಿಲ್ಲ. “ಕರಿ ಪುಟ್ಟಿ, ನನಗೆ ಗೊತ್ತಾಗದ ಹಾಗೆ ಕರಿ,” ಎನ್ನುತ್ತಿದ್ದಳು. ನಾನು ಕಪಾಟಿನ ಹಿಂದೆ ಅಡಗಿ “ರೂಹಿ” ಎನ್ನುತ್ತಿದ್ದೆ. ಕೆಲವು ವಾರಗಳಲ್ಲೇ ಅವಳು ಬಾಚಣಿಗೆ ಕೂದಲಲ್ಲಿರುವಂತೆಯೇ ಸರಕ್ಕನೆ ತಿರುಗತೊಡಗಿದಳು. ಆ ತಿರುಗಿದ ಮುಖದಲ್ಲೊಂದು ನಗುವಿತ್ತು. ಅದು ನನ್ನ ಚಿಕ್ಕಮ್ಮನ ನಗುವಾಗಿರಲಿಲ್ಲ. ಆಟ ಅಂದಿಗೆ ನಿಲ್ಲಿಸಿದೆ.

ನಿಜವಾದ ಹೆದರಿಕೆ ಶುರುವಾದದ್ದು ಶೋ ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಒಬ್ಬ ಮನುಷ್ಯನಿಂದ. ಅವನಿಗೆ ಬೇಕಾಗಿದ್ದವಳು ಮೊದಲಿನ ರೂಹಿ. ಅವಳು ಒಂದು ಮಾತೂ ಹೇಳದೆ ಹೊರಟುಹೋಗಿದ್ದಳು. ಅವಳ ಹೆಸರಿನಲ್ಲಿ, ಅವಳ ಲೆಹಂಗಾದಲ್ಲಿ ಇನ್ನೊಬ್ಬಳು ಬಂದು ನಿಂತದ್ದನ್ನು ಅವನಿಗೆ ಸಹಿಸಲಾಗಲಿಲ್ಲ. ಶೋ ಮುಗಿಯುವವರೆಗೂ ಕಾರಿನ ಕೀಗೊಂಚಲನ್ನು ಮೇಜಿಗೆ ಟಕ್ ಟಕ್ ಎಂದು ಕುಟ್ಟುತ್ತಾ ಕೂರುತ್ತಿದ್ದನಂತೆ. ಒಂದು ದಿನ ಅವನು ಫೋನಿನಲ್ಲಿ ತುಳು ಮಾತಾಡುವುದು ಚಿಕ್ಕಮ್ಮನ ಕಿವಿಗೆ ಬಿತ್ತು: ಅವನು ನಮ್ಮೂರಿನ ಕಡೆಯವನೇ. ಅವಳ ಹಿಂದಿಯ ಧಾಟಿಯಿಂದ ಅವನಿಗೂ ಅನುಮಾನ ಬಂದಿತ್ತು. “ನೀನು ನಮ್ಮ ಕಡೆಯವಳೇ. ಯಾರ ಮನೆಯವಳು ಅಂತ ಹುಡುಕಿ ಊರಿಗೆಲ್ಲ ಹೇಳ್ತೇನೆ, ನೋಡ್ತಾ ಇರು,” ಎಂದನಂತೆ. ವಿಗ್, ನೀಲಿ ಲೆನ್ಸ್, ಅಷ್ಟು ಬಣ್ಣದ ಹಿಂದಿನ ಮುಖ ಅವನಿಗೆ ಗೊತ್ತಿರಲಿಲ್ಲ. ಆದರೆ ಹೆಸರು ಹತ್ತಿಸುವ ಪದ್ಧತಿ ಅವನಿಗೆ ಗೊತ್ತಿತ್ತು, ಮೊದಲಿನ ರೂಹಿ ಹೇಳಿದ್ದಿರಬೇಕು. ಊರಿನವರು ಸೇರುವ ಕಡೆಗಳಲ್ಲಿ ಹೆಂಗಸರ ಬೆನ್ನ ಹಿಂದೆ ನಿಂತು ಆ ಹೆಸರು ಕರೆಯುತ್ತಾನೆ, ಯಾರು ತಿರುಗುತ್ತಾರೆಂದು ನೋಡುತ್ತಾನೆ ಎಂದು ಹೊಟೇಲಿನ ಹುಡುಗಿಯರೇ ಬಂದು ಹೇಳಿದರು. ಆಮೇಲೆ ಪಪ್ಪನ ಕೀಗೊಂಚಲಿನ ಸದ್ದಿಗೂ ನಾನು ಓಡಿಹೋಗಿ ಬಾಗಿಲಿನ ಚಿಲಕ ನೋಡಿ ಬರುತ್ತಿದ್ದೆ.

ರಂಜಾನ್ ತಿಂಗಳಲ್ಲಿ ಶೋ ಬಂದ್. ಆ ತಿಂಗಳಿಡೀ ಚಿಕ್ಕಮ್ಮ ನಮ್ಮಲ್ಲೇ ಇದ್ದಳು. ಹತ್ತಿದ ಹೆಸರನ್ನು ಬಿಡಿಸಲೇಬೇಕು ಎಂದು ಅಮ್ಮ ಹಟ ಹಿಡಿದಳು. ಈಗ ಆಟ ತಿರುಗುಮುರುಗು: ನಾವು ಕರೆಯಬೇಕು, ಅವಳು ತಿರುಗಬಾರದು. ಅಮ್ಮ ಹೊಲಿಗೆ ಯಂತ್ರ ತುಳಿಯುತ್ತಲೇ “ರೂಹಿ” ಎನ್ನುತ್ತಿದ್ದಳು. ಚಿಕ್ಕಮ್ಮನ ಕತ್ತು ಅರ್ಧ ಹೊರಳಿ ನಿಲ್ಲುತ್ತಿತ್ತು. “ಆಗ್ಲಿಲ್ಲ ಸುಮಾ. ಅವನು ನೋಡಿದ್ರೆ ಖಲಾಸ್. ಮಗು ಬೇಡ್ವಾ ನಿಂಗೆ?” ಎನ್ನುತ್ತಿದ್ದಳು ಅಮ್ಮ. ಚಿಕ್ಕಮ್ಮ ಅಳುತ್ತಿದ್ದಳು, ಮತ್ತೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ತಿಂಗಳ ಕೊನೆಗೆ ಪಾತ್ರೆ ಬಿದ್ದರೂ ಅವಳು ಬೆಚ್ಚುತ್ತಿರಲಿಲ್ಲ.

ಹಬ್ಬಕ್ಕೆ ಇನ್ನೇನು ಕೆಲವೇ ದಿನ ಇರುವಾಗ, ಒಂದು ಸಂಜೆ ನಾವು ಮೂವರೂ ತರಕಾರಿ ಮಾರ್ಕೆಟ್ಟಿಗೆ ಹೋದೆವು. ಇಫ್ತಾರಿಗೆ ಮೊದಲಿನ ಗಡಿಬಿಡಿ. ಕಲ್ಲಂಗಡಿಯ ರಾಶಿಯ ಸುತ್ತ ಜನವೋ ಜನ. ಚಿಕ್ಕಮ್ಮ ಬೆಂಡೆಕಾಯಿಯ ತುದಿ ಮುರಿದು ಎಳೆಯದನ್ನು ಆರಿಸುತ್ತಿದ್ದಳು, ನಾನು ಅವಳ ಚೂಡಿದಾರದ ತುದಿ ಹಿಡಿದಿದ್ದೆ. ಹಿಂದಿನಿಂದ ಕೀಗೊಂಚಲಿನ ಸದ್ದು ಬಂತು. ಆಮೇಲೆ, ತೀರಾ ಮೆಲ್ಲಗೆ, “ರೂಹಿ.” ಚಿಕ್ಕಮ್ಮನ ಬೆರಳು ಬೆಂಡೆಯ ತುದಿ ಮುರಿಯಿತು, ಇನ್ನೊಂದನ್ನು ತೆಗೆದುಕೊಂಡಿತು. ಮತ್ತೆ ಅವನು ಕರೆದ, ಇನ್ನೂ ಹತ್ತಿರದಿಂದ. ಅವಳು ತಿರುಗಲಿಲ್ಲ. ಗೆದ್ದೆವು ಎಂದುಕೊಂಡೆ. ಆಚೆ ನಿಂಬೆ ಕೊಳ್ಳುತ್ತಿದ್ದ ಅಮ್ಮ ಅವನನ್ನು ಕಂಡು, ಏನೂ ಆಗದವಳಂತೆ ಕರೆದಳು: “ಸುಮಾ, ಯಲ್ಲಾ, ಹೋಗುವ.” ಚಿಕ್ಕಮ್ಮ ಅದಕ್ಕೂ ತಿರುಗಲಿಲ್ಲ. “ಸುಮಾ.” ಇಲ್ಲ. ರೂಹಿಗೆ ತಿರುಗದಂತೆ ಕಲಿಸುತ್ತಾ ಕಲಿಸುತ್ತಾ ನಾವು ಅವಳನ್ನು ಯಾವ ಕರೆಗೂ ತಿರುಗದವಳನ್ನಾಗಿ ಮಾಡಿದ್ದೆವು. ಅವನು ಕಣ್ಣು ಕಿರಿದು ಮಾಡಿ ನೋಡುತ್ತಾ ನಿಂತ. ಸ್ವಂತ ಹೆಸರಿಗೂ ಓಗೊಡದವಳು ಏನನ್ನೋ ಅಡಗಿಸುತ್ತಿದ್ದಾಳೆ ಎಂದು ಯಾರಿಗಾದರೂ ಅನಿಸುತ್ತಿತ್ತು.

ಅಮ್ಮ ನಿಂಬೆಯ ಚೀಲ ಹಿಡಿದು ಅವನತ್ತಲೇ ನಡೆದು ಬಂದಳು. “ನನ್ನ ತಂಗಿ. ಕಿವಿ ಸ್ವಲ್ಪ ಮಂದ ಅವಳಿಗೆ, ಹತ್ತಿರ ಹೋಗಿ ಮುಟ್ಟಿ ಹೇಳ್ಬೇಕು. ಎಂತ, ನೀವು ಕರೆದದ್ದಾ?” ಎಂದಳು. ಕಿವಿ ಕೇಳದವಳು ಹಾಡಿಗೆ ಕುಣಿಯುವುದುಂಟೇ? ಅವನ ಮುಖ ಇಳಿಯಿತು. “ಸಾರಿ ಅಕ್ಕ, ಬೇರೆ ಯಾರೋ ಅಂತ ಗ್ರಹಿಸಿದೆ. ಊರಲ್ಲಿ ಎಲ್ಲಿ ನಿಮ್ಮದು?” ಎಂದ. ಕೇಳಿದಾಗ ಹೇಳದಿದ್ದರೆ ಮತ್ತೆ ಅನುಮಾನ, ಅಮ್ಮ ಹೇಳಿದಳು. ಅವನ ಮನೆ ನಮ್ಮೂರಿನ ಪಕ್ಕದ್ದೇ. ಮನೆಗೆ ಬಂದ ಮೇಲೆ ಅಮ್ಮ ಬಾಗಿಲು ಹಾಕಿ ಅಲ್ಲೇ ನೆಲದಲ್ಲಿ ಕುಸಿದು ಕೂತಳು. ಚಿಕ್ಕಮ್ಮ ಬೆಂಡೆಕಾಯಿ ತೊಳೆಯುತ್ತಿದ್ದಳು.

ವೀಸಾ ಮುಗಿದು ಚಿಕ್ಕಮ್ಮ ಊರಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಮಸ್ಕತ್ತಿನಲ್ಲಿದ್ದ ಸುಮತಿಗೆ ಪಾಪ, ಕಿವಿ ಕೇಳುವುದಿಲ್ಲವಂತೆ. ಅತ್ತೆ ಗಟ್ಟಿ ಸ್ವರದಲ್ಲೇ ಬರಮಾಡಿಕೊಂಡರು, ಮಗಳನ್ನು ಮಡಿಲಿಗೆ ಹಾಕಿದರು. ಕೇಳುತ್ತದೆ ಎಂದು ಒಮ್ಮೆ ಒಪ್ಪಿಕೊಂಡರೆ ಪಕ್ಕದೂರಿನವನಿಗೆ ಅದು ಗೊತ್ತಾಗಲು ಎಷ್ಟು ಹೊತ್ತು ಬೇಕು? ಹಾಗಾಗಿ ಚಿಕ್ಕಮ್ಮ ಕಿವುಡಿಯಾಗಿಯೇ ಬಾಳಿದಳು. ರಜೆಗೆ ಹೋದಾಗ ನಾನು ನೋಡುತ್ತಿದ್ದೆ. ದೀಕ್ಷಾ “ಅಮ್ಮಾ” ಎಂದು ಕರೆದು, ಸೋತು, ಹತ್ತಿರ ಬಂದು ತೋಳು ಮುಟ್ಟಬೇಕು. ಆಗ ಚಿಕ್ಕಮ್ಮ ತಿರುಗಬೇಕು. ದೊಡ್ಡವಳಾದ ಮೇಲೆ ದೀಕ್ಷಾ ತಾಯಿಯ ಬೆನ್ನ ಹಿಂದೆ ಕೂತು ತಲೆ ಬಾಚುತ್ತಾ, ಯಾರಿಗೂ ಹೇಳಲಾಗದ್ದನ್ನೆಲ್ಲ ಹೇಳಿಕೊಳ್ಳುತ್ತಿದ್ದಳು. ಹೇಗೂ ಕೇಳುವುದಿಲ್ಲವಲ್ಲ ಎಂಬ ಧೈರ್ಯ ಅವಳಿಗೆ. ತರಕಾರಿ ಹೆಚ್ಚುತ್ತಿದ್ದ ಚಿಕ್ಕಮ್ಮನ ಕೈ ಒಮ್ಮೊಮ್ಮೆ ನಿಂತು, ಮತ್ತೆ ಹೆಚ್ಚತೊಡಗುತ್ತಿತ್ತು. ನೋಡುತ್ತಿದ್ದ ನನಗೆ ಮಾರ್ಕೆಟ್ಟಿನ ದಿನದ ಹೆದರಿಕೆಯೇ ಮರಳುತ್ತಿತ್ತು.

ಪಪ್ಪ, ಅಮ್ಮ ಈಗಿಲ್ಲ. ಕಳೆದ ವರ್ಷ ಚಿಕ್ಕಮ್ಮನೂ ಹೋದಳು. ನಾನೀಗಲೂ ಮಸ್ಕತ್ತಿನಲ್ಲೇ ಇರುವುದು; ಆ ಹೊಟೇಲಿನ ಮುಂದೆ ಹಾದುಹೋಗುವಾಗ ಇಂದಿಗೂ ಬೋರ್ಡಿನಲ್ಲಿ ರೂಹಿ ಎಂಬ ಹೆಸರು ಕಾಣುತ್ತದೆ, ಕೆಳಗೆ ಯಾರದೋ ಎಳೆಯ ಮುಖ. ನಾನು ಬೇಗ ಕಣ್ಣು ತೆಗೆಯುತ್ತೇನೆ. ಚಿಕ್ಕಮ್ಮನ ಬೊಜ್ಜ, ಎಂದರೆ ಉತ್ತರಕ್ರಿಯೆ, ಮುಗಿದ ಮರುದಿನ ದೀಕ್ಷಾ ಫೋನ್ ಮಾಡಿದ್ದಳು. “ಅಕ್ಕ, ಅಮ್ಮನಿಗೆ ನನ್ನ ಸ್ವರ ಒಂದ್ಸಲ ಆದ್ರೂ ಸರಿ ಕೇಳಿರಬಹುದಾ?” ಎಂದಳು. ಈಗ ಹೇಳಿದರೆ ಕಳೆದುಕೊಳ್ಳುವವರು ಯಾರೂ ಉಳಿದಿಲ್ಲ, ಆದರೂ ನನ್ನ ಕಣ್ಣು ಮುಂಬಾಗಿಲಿನ ಚಿಲಕದ ಕಡೆಗೇ ಹೋಯಿತು. “ಕೇಳ್ತಿತ್ತು ದೀಕ್ಷಾ. ನೀನು ಬೆನ್ನ ಹಿಂದೆ ಕೂತು ಹೇಳಿದ್ದೂ ಕೇಳ್ತಿತ್ತು,” ಎಂದೆ. ಅವಳು ಅತ್ತಳು. “ನನ್ನ ಸಮಾಧಾನಕ್ಕೆ ಹೇಳ್ತಿ ನೀನು,” ಎಂದಳು. ನಾನು ಫೋನ್ ಕಿವಿಗಿಟ್ಟುಕೊಂಡೇ ಎದ್ದು ಹೋಗಿ ಚಿಲಕ ನೋಡಿದೆ. ಆ ಕಡೆಯಿಂದ ಅವಳು ನನ್ನನ್ನು ಕರೆಯುತ್ತಲೇ ಇದ್ದಳು, ಅಕ್ಕ, ಅಕ್ಕ, ಕೇಳ್ತಾ ಉಂಟಾ ಎಂದು.